ಕಟಕಟೆಯಲ್ಲಿ ನಿಂತವನ ಚರಿತ್ರೆ

ಸ್ಮರಣ ಸಂಚಿಕೆಗಳಲ್ಲಿ ನ್ಯಾಯಾಲಯದ ಇತಿಹಾಸ ಎಂದರೆ ಬಹುಮಟ್ಟಿಗೆ ಕಟ್ಟಡದ ಇತಿಹಾಸ. ಶಂಕುಸ್ಥಾಪನೆ ಮಾಡಿದವರು ಯಾರು, ಉದ್ಘಾಟನೆಗೆ ಬಂದವರು ಯಾರು, ವಕೀಲರ ಸಂಘದ ಗ್ರಂಥಾಲಯಕ್ಕೆ ಬೀರು ಕೊಟ್ಟ ಪುಣ್ಯಾತ್ಮರು ಯಾರು. ಅದೂ ಬೇಕು, ಬಲ್ಲವರು ಬರೆಯಲಿ. ನನ್ನ ಪಾಲಿಗೆ ಇರಲಿ ಎಂದು ನಾನು ಆರಿಸಿಕೊಂಡದ್ದು ಕಟಕಟೆಯೊಳಗೆ ನಿಂತವನ ಕಥೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೋರ್ಟುಗಳಲ್ಲಿ ದಿನಬೆಳಗಾದರೆ ಮೂರು ಸಲ ಹೆಸರು ಕೂಗಿಸಿಕೊಂಡು ಒಳಗೆ ಬರುವ ಆರೋಪಿಯ ಕೈಗೆ ಹಕ್ಕು ಎಂಬುದು ಯಾವಾಗ ಬಂತು, ಎಷ್ಟು ಕಂತಿನಲ್ಲಿ ಬಂತು, ಇನ್ನೂ ಎಷ್ಟು ಬಾಕಿ ಇದೆ ಎಂಬುದು.

ಮೈಸೂರು ಸಂಸ್ಥಾನದ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರೇ ಕಂದಾಯ ವಸೂಲಿ ಮಾಡುವವರು. ಸಣ್ಣಪುಟ್ಟ ಕ್ರಿಮಿನಲ್ ಕೇಸುಗಳಲ್ಲಿ ಮ್ಯಾಜಿಸ್ಟ್ರೇಟರೂ ಅವರೇ. ಅವರ ಮೇಲೆ ಅಸಿಸ್ಟೆಂಟ್ ಕಮಿಷನರು, ಎಲ್ಲರ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರೂ ಆದ ಡೆಪ್ಯುಟಿ ಕಮಿಷನರು. ಊರಿನ ಶಾಂತಿಗೆ ಹೊಣೆಗಾರರಾದವರೇ ಶಾಂತಿ ಕೆಡಿಸಿದನೆಂದು ಹಿಡಿದು ತಂದವನ ವಿಚಾರಣೆಯನ್ನೂ ಮಾಡುತ್ತಿದ್ದರು. ಆ ಕುರ್ಚಿಗಳಲ್ಲಿ ಒಳ್ಳೆಯವರು ಕೂತಿರಲಿಲ್ಲ ಎಂದಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವೀಸು ಸೇರಿ, ಇದೇ ಏಣಿ ಹತ್ತಿದವರು. ಅಂಥವರ ಮುಂದೆ ನಿಂತ ಆರೋಪಿ ಪುಣ್ಯವಂತ. ಆದರೆ ಅದು ಅವನ ಪುಣ್ಯವೇ ಹೊರತು ಹಕ್ಕಲ್ಲ. ಮುಂದಿನ ವರ್ಗಾವಣೆಯಲ್ಲಿ ಇನ್ನೊಬ್ಬರು ಬಂದು ಕೂತರೆ ಆ ಪುಣ್ಯ ಅಲ್ಲಿಗೆ ಮುಗಿಯಿತು.

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರನ್ನೂ ಇಲ್ಲಿ ನೆನೆಯಬೇಕು. ಅವರು ಪತ್ರಿಕೋದ್ಯಮಕ್ಕೆ ಕಾಲಿಟ್ಟ ಹೊತ್ತಿಗೇ, 1908ರಲ್ಲಿ, ಮೈಸೂರು ಸರ್ಕಾರ ವೃತ್ತಪತ್ರಿಕಾ ಕಾನೂನು ತಂದಿತು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆಯನ್ನು ಸರ್ಕಾರವೇ ಹಿಂದಕ್ಕೆ ಪಡೆಯಬಹುದು. ಆಪಾದನೆ ಇಂಥದು, ಅದಕ್ಕೆ ನಿನ್ನ ಉತ್ತರವೇನು, ಎಂದು ಕೋರ್ಟಿನಲ್ಲಿ ಕೇಳುವ ಪ್ರಮೇಯವೇ ಇಲ್ಲ. ಮೈಸೂರಿನ ಹಿರಿಯ ಪತ್ರಕರ್ತರಾದ ತಾತಯ್ಯನವರು ತಮ್ಮ ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟರು. ವಿಚಾರಣೆ ಇಲ್ಲದ ಶಿಕ್ಷೆ ಎಂದರೆ ಜೈಲೇ ಆಗಬೇಕಾಗಿಲ್ಲ ಎಂಬುದು ನಮ್ಮ ಸೀಮೆಯವರಿಗೆ ಆಗಲೇ ಗೊತ್ತಿತ್ತು.

ಅತ್ತ ಚಿನ್ನದ ಗಣಿಯಲ್ಲಿ ಇನ್ನೊಂದು ನ್ಯಾಯ. ಗಣಿ ಕಾನೂನಿನಲ್ಲಿ ಕೂಲಿಯವನ ಬಳಿ ಚಿನ್ನದ ಅದಿರು ಸಿಕ್ಕರೆ ಅದು ಕಳ್ಳಮಾಲಲ್ಲ ಎಂದು ತೋರಿಸುವ ಹೊಣೆ ಅವನ ತಲೆಯ ಮೇಲೆಯೇ. ಆರೋಪಿಯನ್ನು ನಿರಪರಾಧಿ ಎಂದು ಭಾವಿಸಿ ವಿಚಾರಣೆ ಶುರು ಮಾಡಬೇಕು ಎಂಬ ಮಾತು ಬಾವಿಯ ಬಾಯಿಗೆ ಬರುವಷ್ಟರಲ್ಲಿ ತಲೆಕೆಳಗಾಗಿತ್ತು. 1930ರಲ್ಲಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಬೆರಳಚ್ಚು ಕೊಡಬೇಕಾದವನು ಕಳ್ಳ, ನಾವೇಕೆ ಕೊಡಬೇಕು ಎಂಬುದು ಅವರ ಸಿಟ್ಟಿನ ತಿರುಳು. ಕಾನೂನು ಕಾಲೇಜಿನ ಮೆಟ್ಟಿಲು ಹತ್ತದವರು ಎತ್ತಿದ ಈ ತಕರಾರು ನಮ್ಮ ಜಿಲ್ಲೆಯ ಅತ್ಯುತ್ತಮ ವಾದಗಳಲ್ಲಿ ಒಂದೆಂದು ನನ್ನ ಭಾವನೆ.

1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲಿಬಾರು ಎಲ್ಲರಿಗೂ ಗೊತ್ತು. ಆ ಊರಿರುವ ಗೌರಿಬಿದನೂರು ತಾಲ್ಲೂಕು ಆಗ ಕೋಲಾರ ಜಿಲ್ಲೆಗೇ ಸೇರಿತ್ತು. ಸತ್ತವರು ಸರ್ಕಾರದ ಲೆಕ್ಕಕ್ಕೆ 10, ಜನರ ಲೆಕ್ಕಕ್ಕೆ 32. ನಿಷೇಧಾಜ್ಞೆ ಹೊರಡಿಸಿದ್ದು ಮ್ಯಾಜಿಸ್ಟ್ರೇಟ್ ಅಧಿಕಾರ, ಅದನ್ನು ಮೀರಿದವರ ಮೇಲೆ ಹಾರಿದ್ದು ಪೊಲೀಸ್ ಗುಂಡು. ಎರಡೂ ಒಂದೇ ಆಡಳಿತದ ಕೈಗಳು.

ಇನ್ನು ಸಂವಿಧಾನ. ನಮ್ಮ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಕಾನೂನು ಓದಿದವರು, ಮೈಸೂರಿನ ಮೊದಲ ಮುಖ್ಯಮಂತ್ರಿ, ಸಂಸ್ಥಾನದ ಪರವಾಗಿ ಸಂವಿಧಾನ ಸಭೆಯಲ್ಲಿ ಕೂತವರು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಘೋಷಣೆ ಹೊರಡಿಸಿ ಭಾರತದ ಸಂವಿಧಾನವನ್ನು ಮೈಸೂರಿಗೂ ಒಪ್ಪಿಕೊಂಡರು. ಆದರೆ ಆರೋಪಿಯ ಮಟ್ಟಿಗೆ ನಿರ್ಣಾಯಕವಾದ ಮಾತನ್ನು ಆಡಿದ್ದು ಇನ್ನೊಬ್ಬ ಕನ್ನಡನಾಡಿನವರು, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು.  ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರೋಸೆಸ್’ ಎಂದು ಬರೆದರೆ ಶಾಸನಸಭೆ ಮಾಡಿದ ಕಾನೂನನ್ನೆಲ್ಲ ನ್ಯಾಯಾಧೀಶರು ತಳ್ಳಿಹಾಕುತ್ತ ಕೂರುತ್ತಾರೆ ಎಂಬ ಎಚ್ಚರಿಕೆ ಕೇಳಿ ಬಂದರು. ಆ ಮೇಲೆ ಕರಡಿನಿಂದ ಆ ಪದಗಳು ಹೋಗಿ, ಜಪಾನಿನ ಹೊಸ ಸಂವಿಧಾನದಲ್ಲಿದ್ದಂತೆ, ಕಾನೂನು ಸ್ಥಾಪಿಸಿದ ಕ್ರಮದ ಪ್ರಕಾರವೇ ಹೊರತು ಜೀವ, ಸ್ವಾತಂತ್ರ್ಯ ಕಸಿಯಬಾರದು ಎಂಬ ಮಾತು ಬಂತು. ಅಂದರೆ ಕಾನೂನಿನ ಪ್ರಕಾರ ನಡೆದುಕೊಂಡರೆ ಸಾಕು. ಆ ಕಾನೂನೇ ನ್ಯಾಯವೋ ಅಲ್ಲವೋ ಎಂದು ಕೇಳುವಂತಿಲ್ಲ.

1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಇದಕ್ಕೆ ದೊಡ್ಡ ಗದ್ದಲವೇ ಆಯಿತು. ಕೆ.ಎಂ. ಮುನ್ಷಿ ಹಳೆಯ ಪದಗಳೇ ಇರಲಿ ಎಂದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಬೇಡವೆಂದರು. ಅಂಬೇಡ್ಕರರು ಎರಡೂ ಕಡೆಯ ಅಪಾಯಗಳನ್ನು ಬಿಡಿಸಿಟ್ಟು ಸಭೆಯ ತೀರ್ಮಾನಕ್ಕೆ ಬಿಟ್ಟರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅವರೇ ಹೊಸದೊಂದು ವಿಧಿ ತಂದರು, ಕಳೆದುಹೋದದ್ದಕ್ಕೆ ಸ್ವಲ್ಪ ಪರಿಹಾರವಾಗಲೆಂದು. ಇವತ್ತಿನ 22ನೇ ವಿಧಿ ಅದೇ: ಬಂಧಿಸಿದವನಿಗೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಾಲೂರಿನ ಕೋರ್ಟಿನಲ್ಲಿ ನಾವು ನಿತ್ಯ ಮೊದಲು ನೋಡುವುದು ಈ ಮೂರನ್ನೇ. 21ನೇ ವಿಧಿಯ ಬಗ್ಗೆ ಭಾಷಣಗಳು ಬಹಳ. ಅನ್ನ ಹಾಕಿದ್ದು 22.

ಕಾನೂನು ಸ್ಥಾಪಿಸಿದ ಕ್ರಮ ಎಂಬ 21ನೇ ವಿಧಿಯ ಆ ಸಣ್ಣ ಮಾತಿಗೆ ದೊಡ್ಡ ಅರ್ಥ ಬರಲು 28 ವರ್ಷ ಬೇಕಾಯಿತು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂಕುಚಿತ ಅರ್ಥವನ್ನೇ ಒಪ್ಪಿತು. 1978ರ ಮನೇಕಾ ಗಾಂಧಿ ತೀರ್ಪಿನಲ್ಲಿ ಮಾತ್ರ ಆ ಕ್ರಮ ನ್ಯಾಯಯುತವೂ ಯುಕ್ತವೂ ಆಗಿರಬೇಕು ಎಂದು ಹೇಳಿತು. ಫ್ರಾಂಕ್‌ಫರ್ಟರ್ ಬೇಡವೆಂದದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬಂತು.

ಈ ಎರಡರ ನಡುವೆ ತುರ್ತುಪರಿಸ್ಥಿತಿ. ಆಗ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಆ ಅರ್ಜಿಗಳನ್ನು ಕೇಳಬಹುದು ಎಂದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಎ.ಡಿ.ಎಂ. ಜಬಲ್ಪುರ ಪ್ರಕರಣದ ತೀರ್ಪು ಬಂತು. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೇ ಈಗಿಲ್ಲ ಎಂದುಬಿಟ್ಟರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ನಮ್ಮ ಹೈಕೋರ್ಟಿನ ಆ ಇಬ್ಬರಲ್ಲಿ ಒಬ್ಬರನ್ನು ಅಲಹಾಬಾದಿಗೂ ಇನ್ನೊಬ್ಬರನ್ನು ಗುವಾಹಟಿಗೂ ವರ್ಗ ಮಾಡಿದರು. ಜಬಲ್ಪುರ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟೇ ಅಳಿಸಿಹಾಕಿದ್ದು 2017ರಲ್ಲಿ. 2017ರ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇನ್ನೊಂದು ವಿಚಿತ್ರ: ಬಡವನಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ತುರ್ತುಪರಿಸ್ಥಿತಿಯ 42ನೇ ತಿದ್ದುಪಡಿಯಲ್ಲಿ. ಬೀಗ ಹಾಕಿದ ಕೈಯೇ ಬೀಗದ ಕೈಯನ್ನೂ ಕೊಟ್ಟಿತು.

ಅಮಲ್ದಾರರ ವಿಷಯಕ್ಕೆ ಬರೋಣ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಬೇಕೆಂದು ಸಂವಿಧಾನದ 50ನೇ ವಿಧಿ ಹೇಳಿತು. ಅದು ಹಂತಹಂತವಾಗಿ ನಡೆದು, ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡ್ ಜಾರಿಗೆ ಬಂದ 1974ರ ಏಪ್ರಿಲ್ 1ರಿಂದ ದೇಶದ ಬಹುಭಾಗಕ್ಕೆ ಅನ್ವಯವಾಯಿತು. ಆಮೇಲೆ ತಹಶೀಲ್ದಾರರು ಯಾರಿಗೂ ಜೈಲು ಶಿಕ್ಷೆ ಹಾಕುವಂತಿಲ್ಲ. ಆದರೆ ಹಳೆಯ ಬೇರು ಪೂರ್ತಿ ಕಿತ್ತಿಲ್ಲ. ಗಣೇಶನ ಹಬ್ಬ ಬಂದಾಗ, ಪಂಚಾಯಿತಿ ಚುನಾವಣೆ ಬಂದಾಗ ಶ್ರೀನಿವಾಸಪುರದ ಹಳ್ಳಿಗಳಿಂದ ಸಾಲಾಗಿ ಜನ ತಾಲ್ಲೂಕು ಕಚೇರಿಗೆ ಬಂದು ‘ಬಾಂಡ್’ ಬರೆದುಕೊಟ್ಟು ಹೋಗುವುದನ್ನು ಎಲ್ಲರೂ ನೋಡಿದ್ದಾರೆ. 1974ರ ಕೋಡಿನ ಸೆಕ್ಷನ್ ನಂಬರು ಹಿಡಿದು ನಾವು ಇವತ್ತಿಗೂ ‘107 ಕೇಸು’ ಅನ್ನುತ್ತೇವೆ. ಆ ಕೋಡಿನ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದರ ನಂಬರು 126. ಗಡಿಪಾರೂ ಹೀಗೆಯೇ. ರೌಡಿಶೀಟಿನಲ್ಲಿ ಹೆಸರಿರುವವನನ್ನು ಜಿಲ್ಲೆಯಿಂದ ಹೊರಗೆ ಹಾಕುವುದು ಸೆಷನ್ಸ್ ಜಡ್ಜಲ್ಲ, ಆಡಳಿತಾಧಿಕಾರಿ. ಪೊಲೀಸ್ ಕಾಯ್ದೆ ಅವನ ಅಹವಾಲು ಕೇಳಬೇಕೆನ್ನುತ್ತದೆ. ಕೇಳಿದ್ದು ಎಷ್ಟು, ಕೇಳಿದಂತೆ ಮಾಡಿದ್ದು ಎಷ್ಟು ಎಂಬುದು ಮೇಲ್ಮನವಿಯಲ್ಲಿ ಕಡತ ತರಿಸಿದಾಗ ತಿಳಿಯುತ್ತದೆ. ಮುಳಬಾಗಿಲಿನವನಿಗಾದರೆ ನಂಗಲಿ ದಾಟಿದರೆ ಆಂಧ್ರ. ಗಡಿಪಾರಿಗೂ ನೆಂಟರ ಮನೆಗೂ ವ್ಯತ್ಯಾಸವಿಲ್ಲ. ಆದರೆ ದಿನಗೂಲಿಯಲ್ಲಿ ಬದುಕುವವನಿಗೆ ಅಷ್ಟು ತಿಂಗಳು ಕೆಲಸವಿಲ್ಲ.

ಕಂಬಾಲಪಲ್ಲಿಯ ವಿಷಯ ಬರೆಯದೆ ಕೋಲಾರದ ಕ್ರಿಮಿನಲ್ ನ್ಯಾಯದ ಇತಿಹಾಸ ಬರೆದರೆ ಅದು ಇತಿಹಾಸವಲ್ಲ. ಚಿಂತಾಮಣಿ ತಾಲ್ಲೂಕಿನ ಆ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಯದ್ದು, ಆಗ ನಮ್ಮದು. 2000ದ ಮಾರ್ಚ್ 11ರ ರಾತ್ರಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರು. ವಿಚಾರಣೆ ನಡೆಯಿತು. ಒಬ್ಬರಾದ ಮೇಲೆ ಒಬ್ಬರಂತೆ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಆರೋಪಿಯ ಪರ ವಕಾಲತ್ತು ಹಾಕುವವರು ಈ ಪ್ರಕರಣವನ್ನು ಜಾಣತನದಿಂದ ದಾಟಿಹೋಗುತ್ತಾರೆ. ಆರೋಪಿಯ ಹಕ್ಕು ಎಂಬ ಮಾತು ಎತ್ತಿದರೆ ಸಾಕು, ಕಂಬಾಲಪಲ್ಲಿಯಲ್ಲಿ ಏಳು ಜನ ತಾವೇ ಸುಟ್ಟುಕೊಂಡರಾ ಎಂಬ ಪ್ರಶ್ನೆ ಎದುರಿಗೆ ಬರುತ್ತದೆ. ಬರಬೇಕಾದದ್ದೇ. ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಕಟಕಟೆಗೆ ಹತ್ತಿ ಪ್ರಮಾಣ ಮಾಡಿ ‘ನಾನು ನೋಡಲಿಲ್ಲ ಸ್ವಾಮಿ’ ಎಂದವನ ಬಾಯಿಂದ ಶಿಕ್ಷೆ ಹುಟ್ಟುವುದಿಲ್ಲ. ಈ ನಿಯಮ ಸಡಿಲ ಮಾಡಿದರೆ ನಾಳೆ ಅದಕ್ಕೆ ಮೊದಲು ಬಲಿಯಾಗುವವನು ಯಾರೆಂದು ಹೇಳಲು ಜ್ಯೋತಿಷ್ಯ ಬೇಡ. ಅದೇ ಕೇರಿಯ ಹುಡುಗ. ತಪ್ಪಿದ್ದು ಆರೋಪಿಗೆ ರಕ್ಷಣೆ ಕೊಟ್ಟದ್ದಲ್ಲ, ಸಾಕ್ಷಿಗೆ ಕೊಡದೆ ಹೋದದ್ದು. ಸಾಕ್ಷಿ ಹೇಳಬೇಕಾದವನು ಮರುದಿನ ಬೆಳಿಗ್ಗೆ ಕೂಲಿಗೆ ಹೋಗಬೇಕಾದ್ದು ಅದೇ ಊರಿನ ಹೊಲಕ್ಕೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ಸಂತ್ರಸ್ತರ, ಸಾಕ್ಷಿಗಳ ಹಕ್ಕಿನ ಅಧ್ಯಾಯ ಸೇರಿ ಜಾರಿಯಾದದ್ದು 2016ರಲ್ಲಿ. ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶದ ಕಾನೂನೆಂದು ಒಪ್ಪಿದ್ದು 2018ರ ಡಿಸೆಂಬರಿನಲ್ಲಿ. ಕಂಬಾಲಪಲ್ಲಿಯವರಿಗೆ ಎರಡೂ ತಡವಾಯಿತು.

ಇಪ್ಪತ್ತು ವರ್ಷದ ಮೇಲೆ ಇನ್ನೊಂದು ಬಗೆಯ ಪರೀಕ್ಷೆ, ನರಸಾಪುರದಲ್ಲಿ. 2020ರ ಡಿಸೆಂಬರ್ 12ರ ಬೆಳಗಿನ ಜಾವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಎದ್ದ ಸಿಟ್ಟು ದಾಂಧಲೆಯಾಯಿತು. ಕಾರ್ಮಿಕ ಕಾನೂನಿನ ಉಲ್ಲಂಘನೆಗಳು ನಡೆದದ್ದು ಆಮೇಲೆ ಸರ್ಕಾರದ ತಪಾಸಣೆಯಲ್ಲೇ ಹೊರಬಂತು. ಆದರೆ ಮೊದಲು ಆದದ್ದು ಎಫ್‌ಐಆರ್: ಗುತ್ತಿಗೆ ಕಾರ್ಮಿಕರು ಐದು ಸಾವಿರ, ಗುರುತಿಲ್ಲದವರು ಎರಡು ಸಾವಿರ. ಕೆಲವೇ ದಿನದಲ್ಲಿ ನೂರೈವತ್ತರಷ್ಟು ಮಂದಿ ಬಂಧನದಲ್ಲಿದ್ದರು. ಐಟಿಐ, ಡಿಪ್ಲೊಮಾ ಮುಗಿಸಿದ ವಯಸ್ಸಿನ ಹುಡುಗರೇ ತುಂಬಿದ್ದ ಕಾರ್ಖಾನೆ ಅದು. ‘ಮತ್ತು ಇತರರು’ ಎಂದು ಮುಗಿಯುವ ಎಫ್‌ಐಆರ್ ಎಷ್ಟು ಅಗಲವೆಂದು ಕ್ರಿಮಿನಲ್ ವಕೀಲರಿಗೆ ಗೊತ್ತು. ಆ ಏಳು ಸಾವಿರದಲ್ಲಿ ಯಾರು ಬೇಕಾದರೂ ಸೇರಬಹುದು; ಆ ದಿನ ರಜೆಯಲ್ಲಿದ್ದವನೂ ಮನೆಯಲ್ಲಿ ಮಲಗಲು ಹೆದರುತ್ತಾನೆ. ತಪ್ಪು ಮಾಡಿದವನನ್ನು ಹಿಡಿಯಬೇಡಿ ಎಂದು ಯಾರೂ ಹೇಳುವುದಿಲ್ಲ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲದ ಅಪರಾಧಗಳಲ್ಲಿ ಯಾಂತ್ರಿಕವಾಗಿ ಅರೆಸ್ಟ್ ಮಾಡಬೇಡಿ, ನೋಟಿಸು ಕೊಟ್ಟು ಕರೆಸಿ, ಹಿಡಿಯಲೇಬೇಕಾದರೆ ಕಾರಣ ಬರೆಯಿರಿ ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಷ್ಟು ಮಂದಿಗೆ ತಲಾ ಒಂದೊಂದು ಕಾರಣ ಬೇಕು. ಗುಂಪಿಗೆಲ್ಲ ಒಂದೇ ಕಾರಣವೆಂದರೆ ಅದು ಕಾರಣವೇ ಅಲ್ಲ.

ಇಷ್ಟೆಲ್ಲ ತೀರ್ಪುಗಳು ಬಂದು ಇಳಿಯಬೇಕಾದ ಜಾಗ ಒಂದಿದೆ: ರಿಮಾಂಡು. ಸಂಜೆ ಹೊತ್ತು. ಆಸ್ಪತ್ರೆಯಲ್ಲಿ ಮೆಡಿಕಲ್ ಮಾಡಿಸಿಕೊಂಡು ಪೇದೆ ಕರೆತಂದವನು ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾನೆ. ಅರೆಸ್ಟ್ ಮೆಮೊ, ರಿಮಾಂಡ್ ಅರ್ಜಿ ಎರಡೂ ಕಂಪ್ಯೂಟರಿನಲ್ಲಿ ಟೈಪಾದ ಕನ್ನಡದಲ್ಲಿವೆ. ಕೆಳಗೆ ಅವನ ಎಡಗೈ ಹೆಬ್ಬೆಟ್ಟು. ಮ್ಯಾಜಿಸ್ಟ್ರೇಟರು ಕೇಳುತ್ತಾರೆ: ಯಾಕೆ ಹಿಡಿದರು ಗೊತ್ತಾ? ಪೊಲೀಸರು ಹೊಡೆದರಾ? ವಕೀಲರಿದ್ದಾರಾ? ಅವನು ಪೇದೆಯ ಮುಖ ನೋಡುತ್ತಾನೆ. ಬೆಂಚ್ ಕ್ಲರ್ಕು ತೆಲುಗಿನಲ್ಲಿ ‘ಚೆಪ್ಪಪ್ಪಾ, ಭಯಪಡೊದ್ದು’ ಎಂದರೆ ‘ಏಮೀ ಲೇದು ಸಾರ್’ ಎನ್ನುತ್ತಾನೆ. ಮೂರೂ ಪ್ರಶ್ನೆಗೆ ಅದೇ ಉತ್ತರ. ಆರ್ಡರ್ ಶೀಟಿನಲ್ಲಿ ‘ದೂರುಗಳಿಲ್ಲ’ ಎಂದು ದಾಖಲಾಗುತ್ತದೆ. ಎಲ್ಲವೂ ಕ್ರಮಬದ್ಧ.

ಮುಳಬಾಗಿಲು, ಶ್ರೀನಿವಾಸಪುರದ ಮನೆಮಾತು ಬಹುಪಾಲು ತೆಲುಗು. ಮಾಲೂರಿನ ತಮಿಳುನಾಡು ಅಂಚಿನಲ್ಲಿ ತಮಿಳೂ ಇದೆ. ಈಗ ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿಗೆ ಬಂದವರು ಹಿಂದಿ, ಒಡಿಯಾ, ಬಂಗಾಳಿ ಆಡುತ್ತಾರೆ. ವಕೀಲರಾದ ನಾವು ಮೂರು ಭಾಷೆ ಬೆರೆಸಿ ಮಾತಾಡುವುದನ್ನು ಜಿಲ್ಲೆಯ ಸೊಗಸೆಂದು ಹೇಳಿಕೊಳ್ಳುತ್ತೇವೆ. ಕಟಕಟೆಯಲ್ಲಿ ನಿಂತವನಿಗೆ ಅದು ಸೊಗಸಲ್ಲ. 1962ರಲ್ಲೇ, ಹರಿಕಿಶನ್ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಅವನಿಗೆ ಬರುವ ಭಾಷೆಯಲ್ಲಿ ಕೊಡದಿದ್ದರೆ ಕೊಟ್ಟಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದು ಮುಂಜಾಗ್ರತಾ ಬಂಧನದ ವಿಷಯ. ಮಾಮೂಲಿ ಅರೆಸ್ಟಿಗೂ ಅದೇ ನಿಯಮ ಸ್ಪಷ್ಟವಾಗಿ ಬರಲು 2025ರ ನವೆಂಬರ್ ಬೇಕಾಯಿತು: ಯಾವ ಕಾಯ್ದೆಯಡಿ ಹಿಡಿದರೂ ಕಾರಣವನ್ನು ಬರಹದಲ್ಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ಕೂಡಲೇ ಆಗದಿದ್ದರೆ ರಿಮಾಂಡಿಗೆ ತರುವ ಎರಡು ಗಂಟೆ ಮೊದಲಾದರೂ ಕೊಡಬೇಕು. 63 ವರ್ಷ ಹಿಡಿಯಿತು. ಆ ಎರಡು ಗಂಟೆಯಲ್ಲಿ ತೆಲುಗಿನಲ್ಲಿ ಬರೆದುಕೊಡುವವರು ಠಾಣೆಯಲ್ಲಿ ಯಾರಿದ್ದಾರೆ, ಬರೆದುಕೊಟ್ಟರೂ ಹೆಬ್ಬೆಟ್ಟಿನವನಿಗೆ ಓದಿ ಹೇಳುವವರು ಯಾರು ಎಂಬುದು ತೀರ್ಪಿನಲ್ಲಿ ಬರುವ ಮಾತಲ್ಲ. ಅದು ನಮ್ಮ ಕೆಲಸ.

ನಮ್ಮ ಕೆಲಸ ಎಂದೆ. ವಕೀಲರ ಸಂಘಗಳ ಇತಿಹಾಸದಲ್ಲಿ ಹೆಮ್ಮೆಪಡಲಾಗದ ಪುಟಗಳೂ ಇವೆ. 2020ರ ಆರಂಭದಲ್ಲಿ ಮೈಸೂರಿನಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ, ದೇಶದ್ರೋಹದ ಆಪಾದನೆ ಹೊತ್ತವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಸಂಘಗಳು ನಿರ್ಣಯ ಮಾಡಿದವು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರ ಪೀಠ ಹುಬ್ಬಳ್ಳಿಯ ನಿರ್ಣಯವನ್ನು ಕಟುವಾಗಿ ಟೀಕಿಸಿತು. ಅಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿತ್ತು. ತನಗೆ ಬೇಕಾದ ವಕೀಲರು ಎಂದು 22ನೇ ವಿಧಿ ಬರೆದುಕೊಟ್ಟ ಮೇಲೆ, ಆ ವಕೀಲರೇ ಸಭೆ ಸೇರಿ ಬಾಗಿಲು ಹಾಕಿದರೆ ಉಳಿದದ್ದೇನು? ನಮ್ಮ ಯಾವ ತಾಲ್ಲೂಕಿನ ಸಂಘದಲ್ಲೂ ಇಂಥ ಮಾತು ಅಜೆಂಡಾಕ್ಕೇ ಬರಕೂಡದು. ಬಂದರೆ ಹಿರಿಯರು ಎದ್ದು ನಿಲ್ಲಬೇಕು.

ಕಾನೂನು ನೆರವಿನ ಚೌಕಟ್ಟು ಈಗ ಚೆನ್ನಾಗಿಯೇ ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಜಿಲ್ಲೆಗೆ ಪ್ರಾಧಿಕಾರ, ತಾಲ್ಲೂಕಿಗೆ ಸಮಿತಿ. ಇತ್ತೀಚೆಗೆ ಸಂಬಳಕ್ಕೆ ನೇಮಿಸಿದ ಕಾನೂನು ನೆರವು ರಕ್ಷಣಾ ವಕೀಲರು. ಆದರೆ ಅನುಭವಸ್ಥ ಪೊಲೀಸರಿಗೆ ಕ್ಯಾಲೆಂಡರು ಗೊತ್ತು. ಶನಿವಾರ ಸಂಜೆ ಹಿಡಿದವನನ್ನು ಭಾನುವಾರ ಮ್ಯಾಜಿಸ್ಟ್ರೇಟರ ಮನೆ ಬಾಗಿಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ವಕೀಲರಿಲ್ಲ, ಬೆಂಚ್ ಕ್ಲರ್ಕಿಲ್ಲ, ತೆಲುಗಿನಲ್ಲಿ ಕೇಳುವವರೂ ಇಲ್ಲ. ಸಂಘದ ಸರ್ವಸದಸ್ಯರ ಸಭೆಯ ಮುಂದೆ ನಾನಿಡುವ ಬೇಡಿಕೆ ಇದಿಷ್ಟೇ: ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೂರೂ ಕಡೆ ಭಾನುವಾರ ಮತ್ತು ರಜಾದಿನಗಳಿಗೆ ತೆಲುಗು ಬಲ್ಲ ಇಬ್ಬಿಬ್ಬರು ಕಿರಿಯ ವಕೀಲರ ಪಾಳಿ ಹಾಕಬೇಕು, ಪಾಳಿಯವರ ಹೆಸರು, ಫೋನ್ ನಂಬರು ಪ್ರತಿ ಠಾಣೆಯ ಗೋಡೆಯ ಮೇಲೆ, ಪ್ರತಿ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಇರಬೇಕು, ಬಸ್ ಚಾರ್ಜು ಸಂಘದ ನಿಧಿಯಿಂದ ಹೋಗಬೇಕು.